ಬಚ್ಚಲಲ್ಲಿ ಆಡಿದ ಮಾತು

ಮೊಣಕಾಲು ಕೈಕೊಡುವ ತನಕ ಅರಂತೋಡಿನ ಆಚೀಚೆ ಎಲ್ಲಿ ಹೆರಿಗೆಯಾದರೂ ಲೋಲಾಕ್ಷಿಗೆ ಕರೆ ಬರುತ್ತಿತ್ತು. ಹೆರಿಗೆ ಮಾಡಿಸಲಿಕ್ಕಲ್ಲ, ಅದಕ್ಕೆ ಸುಳ್ಯದಲ್ಲಿ ಆಸ್ಪತ್ರೆ ಇತ್ತು. ಅವಳನ್ನು ಕರೆಯುತ್ತಿದ್ದದ್ದು ಬಾಣಂತಿಗೆ ನೀರು ಹಾಕಲಿಕ್ಕೆ. ಮೈಗೆ ತೆಂಗಿನೆಣ್ಣೆ ತಿಕ್ಕಿ, ಮೈನೋವಿಗೆಂದು ನೆಕ್ಕಿ ಗಿಡದ ಸೊಪ್ಪು ಹಾಕಿ ಕಾಯಿಸಿದ ನೀರನ್ನು ಹದ ಮಾಡಿ, ಸೊಂಟಕ್ಕೆ, ಬೆನ್ನಿಗೆ, ತೊಡೆಗೆ ಚೆಂಬು ಚೆಂಬಾಗಿ ಹೊಯ್ಯುವ ಕೆಲಸ. ನೆಂಟರ ಮನೆ, ನೆರೆಯವರ ಮನೆ, ರಸ್ತೆಯ ಆಚೆಯ ಬ್ಯಾರಿ ಮುಸ್ಲಿಮರ ಮನೆ, ಎಲ್ಲಿಗೆ ಕರೆದರೂ ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಡುತ್ತಿದ್ದಳು.

ಆ ಕೆಲಸ ಅವಳಿಗೆ ಬಂದದ್ದು ತವರಿನಿಂದ. ಪುತ್ತೂರಿನ ಹತ್ತಿರದ ಕೆದಂಬಾಡಿ ಅವಳ ತವರು. ಚೊಚ್ಚಲ ಹೆರಿಗೆಗೆ ಅಲ್ಲಿಗೆ ಹೋದಾಗ ಅವಳಿನ್ನೂ ಎಳೆ ಪ್ರಾಯದವಳು. ಮಗು ಗಂಡು, ಗುಂಡುಗುಂಡಾಗಿತ್ತು. ಬಂದವರೆಲ್ಲ ಹೊಗಳಿ ಹೋಗುತ್ತಿದ್ದರು. ಅವಳಿಗೆ ಮಾತ್ರ ಬೆಳಗಾದರೆ ಅಳು. ಎಂತಕ್ಕೆ ಎಂದು ಕೇಳಿದರೆ ಹೇಳಲು ಒಂದು ಕಾರಣವೂ ಇಲ್ಲ. ಕಿವಿಗೆ ಹತ್ತಿ ತುಂಬಿ, ತಲೆಗೆ ಬಟ್ಟೆ ಕಟ್ಟಿ, ಕತ್ತಲೆ ಕೋಣೆಯಲ್ಲಿ ಕೂತವಳ ಕಣ್ಣು ಒದ್ದೆಯಾದದ್ದು ಕಂಡರೆ ಸಾಕು, ತಾಯಿ ಓಡಿ ಬರುತ್ತಿದ್ದಳು.

"ಬಾಣಂತಿ ಅಳಬಾರದು ಮಗಳೇ, ಕಣ್ಣು ಹೋಗ್ತದೆ."

ಅದು ಊರ ನಂಬಿಕೆ. ಹಾಗಾಗಿ ಲೋಲಾಕ್ಷಿ ಅಳುವನ್ನೂ ಮೆಂತೆ ಗಂಜಿಯ ಹಾಗೆ ನುಂಗಿಕೊಂಡಳು. ಹಾಲು ಕಮ್ಮಿಯಾಯಿತು, ಮಗು ಹಸಿವಿಗೆ ಕಿರುಚಿತು.

ನೀರು ಹಾಕಲು ಬರುತ್ತಿದ್ದವಳು ಅಪ್ಪಿ. ಮುದುಕಿ, ಬಾಯಿ ತುಂಬ ಎಲೆಯಡಿಕೆ, ಹೊರಗೆ ಮಾತು ಕಮ್ಮಿ. ಒಂದು ದಿನ ಅವಳು ಬಚ್ಚಲಿನ ಬಾಗಿಲು ಅಡ್ಡ ಮಾಡಿ, ಲೋಲಾಕ್ಷಿಯನ್ನು ಮಣೆಯ ಮೇಲೆ ಕೂರಿಸಿ, ಮೊದಲ ಚೆಂಬನ್ನು ಸೊಂಟಕ್ಕೆ ಹೊಯ್ಯದೆ ನೇರ ತಲೆಯ ಮೇಲೆಯೇ ಸುರಿದಳು.

"ಈಗ ಅಳು. ಕಣ್ಣೀರು ಯಾವುದು, ಬಿಸಿನೀರು ಯಾವುದು, ಯಾರಿಗೆ ಗೊತ್ತಾಗ್ತದೆ?"

ಹಂಡೆ ತಳ ಕಾಣುವ ತನಕ ಲೋಲಾಕ್ಷಿ ಅತ್ತಳು. ನಡುವೆ ಬಾಯಿಗೆ ಬಂದದ್ದನ್ನೆಲ್ಲ ಹೇಳಿದಳು. ಅಪ್ಪಿ ಹ್ಞೂಂ ಅನ್ನುತ್ತಾ ಹೊಯ್ಯುತ್ತಿದ್ದಳು. ಕೊನೆಗೆ ಅಂದಳು, "ಬಚ್ಚಲಲ್ಲಿ ಆಡಿದ ಮಾತು ನೀರಿನೊಟ್ಟಿಗೆ ಬಾಳೆ ಬುಡಕ್ಕೆ ಹೋಗ್ಲಿಕ್ಕುಂಟು. ನನ್ನ ಬಾಯಿಂದ ಹೊರಗೆ ಬರುದಿಲ್ಲ." ಕೆಂಪು ಕಣ್ಣು ಕಂಡು ತಾಯಿ ವಿಚಾರಿಸಿದಾಗ, "ಒಲೆಯ ಹೊಗೆ," ಎಂದು ಉಗಿದು ನಡೆದಳು. ಆ ದಿನ ಲೋಲಾಕ್ಷಿಗೆ ಒಳ್ಳೆಯ ನಿದ್ದೆ ಬಂತು.

ಗಂಡನ ಮನೆಗೆ ಹಿಂತಿರುಗಿದ ಮೇಲೆ ಅವಳೂ ನೀರು ಹಾಕುವವಳಾದಳು. ಅಪ್ಪಿಯ ಕಟ್ಟಳೆಯನ್ನು ಒಮ್ಮೆಯೂ ಮುರಿಯಲಿಲ್ಲ. ಎಂತೆಂತಹ ಮಾತು ಕೇಳಿದ್ದಾಳೆ! ಒಬ್ಬಳು ಅತ್ತೆಯನ್ನು ಬಾಯ್ತುಂಬ ಬೈದು, ಮೈ ಒರೆಸಿಕೊಂಡು ಹೊರಗೆ ಹೋಗಿ ಅದೇ ಅತ್ತೆಗೆ ಕೈಮುಗಿದಳು. ಇನ್ನೊಬ್ಬಳು ಇನ್ನು ಹೆರುವುದಿಲ್ಲವೆಂದು ಆಣೆ ಹಾಕಿ, ಎರಡು ವರ್ಷ ಕಳೆಯುವಾಗ ಪುನಃ ಅದೇ ಮಣೆಯ ಮೇಲೆ ಬಂದು ಕೂತಳು. ಆ ಹೊಗೆ, ಆ ನೆಕ್ಕಿ ಸೊಪ್ಪಿನ ಕಂಪು, ಹಿತ್ತಾಳೆ ಚೆಂಬು ಹಂಡೆಯ ಅಂಚಿಗೆ ತಾಗುವ ಸದ್ದು ಈಗಲೂ ಬೆಳಗಿನ ಜಾವದ ಮಂಪರಿನಲ್ಲಿ ಅವಳಿಗೆ ಕೇಳಿಸುತ್ತದೆ. ಈಗ ಯಾರೂ ಕರೆಯುವುದಿಲ್ಲ. ಎಲ್ಲ ಮನೆಯಲ್ಲಿ ಗೀಸರ್ ಉಂಟು, ಬಾಣಂತನಕ್ಕೆ ಪುತ್ತೂರಿನಿಂದ ನರ್ಸಮ್ಮ ಬರುತ್ತಾರೆ.

ಅವಳ ಸೊಸೆ ವಸುಮತಿಯೂ ಒಂದು ಕಾಲದಲ್ಲಿ ಆ ಮಣೆಯ ಮೇಲೆ ಕೂತವಳೇ. ಮೊದಲ ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ತವರಿನಲ್ಲಿ ತಾಯಿ ಇರಲಿಲ್ಲ, ಆದ್ದರಿಂದ ಆರೈಕೆ ಗಂಡನ ಮನೆಯಲ್ಲೇ. ತೊಟ್ಟಿಲು ಕಟ್ಟದಿದ್ದರೂ ಹೆತ್ತ ಮೈ ಹೆತ್ತ ಮೈಯೇ ಎಂದು ಲೋಲಾಕ್ಷಿ ಒಂದು ದಿನವೂ ತಪ್ಪದೆ ನೀರು ಹಾಕಿದಳು. ಆಗ ವಸುಮತಿ ಬಚ್ಚಲಲ್ಲಿ ಹೇಳಿಕೊಂಡದ್ದನ್ನು ತನ್ನ ಮಗನಿಗೂ ಹೇಳಲಿಲ್ಲ. ವಸುಮತಿಯೂ ಮತ್ತೆಂದೂ ಆ ಸುದ್ದಿ ಎತ್ತಲಿಲ್ಲ. ಮುಂದೆ ನವ್ಯಾ ಹುಟ್ಟಿದಳು, ಮನೆ ತುಂಬಿತು. ಆದರೆ ಅಂದಿನಿಂದ ಯಾರ ಬಾಯಲ್ಲಿ ಕೆಟ್ಟದ್ದರ ಸುಳಿವು ಬಂದರೂ ವಸುಮತಿ ಅಲ್ಲಿಗೇ ತಡೆಯುತ್ತಾಳೆ. "ಬಿಡ್ತು ಹೇಳು," ಎಂದು ಹೇಳಿಸಿಯೇ ಬಿಡುತ್ತಾಳೆ. ಹಾಗೆ ಹೇಳಿದರೆ ಆಡಿದ ಅಪಶಕುನ ಅಳಿಸಿಹೋಯಿತು ಎಂದು ಲೆಕ್ಕ.

ಈಗ ನವ್ಯಾ ಬಸುರಿ. ಅವಳನ್ನು ಕೊಟ್ಟದ್ದು ಕಡಬಕ್ಕೆ, ಗಂಡ ಕೀರ್ತನ್ ಕರೆಂಟಿನ ಲೈನ್‌ಮ್ಯಾನ್. ಸೀಮಂತ ಮುಗಿಸಿ, ತಲೆ ತುಂಬ ಮಲ್ಲಿಗೆ ಮುಡಿಸಿ, ಅವಳನ್ನು ಅರಂತೋಡಿಗೆ ಕರೆದುಕೊಂಡು ಬಂದರು. ಹಾಲಿನ ಸೊಸೈಟಿಯಲ್ಲಿ ಕೆಲಸ ಮಾಡುವ ವಸುಮತಿ ಮನೆಗೆ ಬಂದವಳೇ ಕಾಲು ನೀಡದೆ ತಯಾರಿಗೆ ಇಳಿಯುತ್ತಿದ್ದಳು. ಹಳೆ ಸೀರೆ ಹರಿದು ಮಗುವಿನ ಬಟ್ಟೆ, ಹೊಸ ಹಾಸಿಗೆ, ಮೆಂತೆ, ಬೆಳ್ಳುಳ್ಳಿ, ಓಮ. ಎಲ್ಲವೂ ತಯಾರಾಯಿತು, ನವ್ಯಾಳೊಬ್ಬಳನ್ನು ಬಿಟ್ಟು. ಅವಳು ಊಟದ ಬಟ್ಟಲ ಎದುರು ಕೂತು ಅನ್ನ ಕಲಸುತ್ತಲೇ ಇರುತ್ತಿದ್ದಳು. ನಿದ್ದೆ ಇಲ್ಲದೆ ಕಣ್ಣಿನ ಕೆಳಗೆ ಕಪ್ಪು.

ಒಂದು ದಿನ ಅಡುಗೆ ಮನೆಯಲ್ಲಿ ಅವಳು ಬಾಯಿ ತೆರೆದಳು.

"ಅಮ್ಮ, ಹೆರಿಗೆ ಹೊತ್ತಿಗೆ ಎಂತಾದ್ರೂ ಹೆಚ್ಚು ಕಮ್ಮಿ ಆದ್ರೆ..."

"ಬಿಡ್ತು ಹೇಳು."

"ಅಲ್ಲ, ಸುಮ್ಮನೆ ಕೇಳಿದ್ದು."

"ಮೊದಲು ಬಿಡ್ತು ಹೇಳು ನವ್ಯಾ. ಬಸುರಿ ಬಾಯಲ್ಲಿ ಬರುವ ಮಾತಾ ಇದು?"

"ಬಿಡ್ತು," ಎಂದಳು ನವ್ಯಾ. ಮತ್ತೆ ತಲೆ ತಗ್ಗಿಸಿ ಕೋಣೆಗೆ ಹೋದಳು.

ಬಾಗಿಲ ಬಳಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಲೋಲಾಕ್ಷಿ ಅದನ್ನು ನೋಡಿದಳು. ನುಂಗಿಕೊಂಡವರ ಮುಖ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಮರುದಿನ ವಸುಮತಿ ಸೊಸೈಟಿಗೆ ಹೋದ ಮೇಲೆ, ಹಿತ್ತಲಿನ ಹಳೆ ಬಚ್ಚಲನ್ನು ಗುಡಿಸಿ ಹಂಡೆಗೆ ಬೆಂಕಿ ಹಾಕಿದಳು.

"ಬಾ ಮಗಳೇ, ತಲೆಗೆ ಎಣ್ಣೆ ಹಾಕ್ತೇನೆ."

"ನೀರು ಹಾಕುದು ಹೆತ್ತ ಮೇಲೆ ಅಲ್ವಾ ಅಜ್ಜಿ? ಮತ್ತೆ ಸುಡುನೀರು ಬೇಡ ಹೇಳಿದ್ದಾರೆ ಡಾಕ್ಟ್ರು."

"ಉಗುರು ಬೆಚ್ಚಗೆ ಸಾಕು. ನನ್ನ ಕೈ ಮುಳುಗಿಸಿಯೇ ಹೊಯ್ಯುದು. ಸುಟ್ಟುಕೊಳ್ಳುವ ಆಸೆ ನನಗೂ ಇಲ್ಲ."

ನವ್ಯಾ ನಕ್ಕಳೋ ಇಲ್ಲವೋ ಎಂಬಂತೆ ನಕ್ಕು ಮಣೆಯ ಮೇಲೆ ಕೂತಳು. ಲೋಲಾಕ್ಷಿ ಅಪ್ಪಿಯ ಮಾತನ್ನು ಅವಳಿಗೂ ಹೇಳಿದಳು: ಇಲ್ಲಿ ಆಡಿದ್ದು ಇಲ್ಲಿಗೇ. ನಾಲ್ಕು ಚೆಂಬು ನೀರು ಬೀಳುವಾಗ ಹುಡುಗಿಯ ಹೆಗಲು ನಡುಗಲು ಶುರುವಾಯಿತು.

"ಬಂದವರೆಲ್ಲ ಖುಷಿ ಉಂಟಲ್ಲ ಅಂತ ಕೇಳ್ತಾರೆ. ನನಗೆ ಎಂತದೂ ಆಗುದಿಲ್ಲ ಅಜ್ಜಿ. ಅದು ಒದೆಯುವಾಗ ಹೆದರಿಕೆ ಆಗ್ತದೆ. ಬೆಳಿಗ್ಗೆ ಏಳುದೇ ಬೇಡ ಅನ್ನಿಸ್ತದೆ." ಮತ್ತೆ ಅಂದಳು, "ಅಮ್ಮನಿಗೆ ನನ್ನ ಮೊದಲು ಒಂದು ಮಗು ಹೋಗಿತ್ತಂತಲ್ಲ? ದೊಡ್ಡಮ್ಮ ಬಾಯ್ತಪ್ಪಿ ಹೇಳಿದ್ದು. ನನಗೆ ಪ್ರೀತಿ ಇಲ್ಲ ಅಂತ ಇದಕ್ಕೂ ಗೊತ್ತಾಗಿ, ಇದೂ ಹೋದ್ರೆ?"

ಲೋಲಾಕ್ಷಿಯ ಕೈಯಲ್ಲಿದ್ದ ಚೆಂಬು ಗಾಳಿಯಲ್ಲೇ ನಿಂತಿತು. ಇದೇ ಮಾತನ್ನು, ಇದೇ ಮಣೆಯ ಮೇಲೆ, ಅವಳು ಹಿಂದೆ ಕೇಳಿದ್ದಳು. ಮದುವೆಯಾದ ವರ್ಷವೇ ಬಸುರಾದದ್ದು ವಸುಮತಿಗೆ ಬೇಡವಾಗಿತ್ತು. ತನಗೆ ಬೇಡವಾದದ್ದು ಮಗುವಿಗೆ ತಿಳಿದು ಅದು ಹೋಯಿತೆಂದು ಅವಳು ಗೋಡೆಗೆ ತಲೆ ಕೊಟ್ಟು ಅತ್ತಿದ್ದಳು. ತಾಯಿಯ ಗುಟ್ಟು ಮಗಳಿಗೆ ಹೇಳುವ ಹಾಗಿಲ್ಲ, ಮಗಳದ್ದು ತಾಯಿಗೆ ಹೇಳುವ ಹಾಗಿಲ್ಲ. "ಹಾಗೆಲ್ಲ ಮಗು ಹೋಗುದಿಲ್ಲ ಮಗಳೇ," ಎಂದಷ್ಟೇ ಹೇಳಿ ಬೆನ್ನು ನೀವಿದಳು. ಆದರೆ ಏಳುವುದೇ ಬೇಡ ಅಂದದ್ದು ಎದೆಯಲ್ಲಿ ಮುಳ್ಳಾಗಿ ನಿಂತಿತು. ಬಾಳೆ ಬುಡಕ್ಕೆ ಬಿಟ್ಟು ಕೈತೊಳೆಯುವ ಮಾತು ಅದಾಗಿರಲಿಲ್ಲ. ಹುಡುಗಿಗೆ ಡಾಕ್ಟರು ಬೇಕು, ಅದಕ್ಕಿಂತ ಮೊದಲು ತಾಯಿ ಬೇಕು.

ಸಂಜೆ ಅವಳು ರಸ್ತೆ ದಾಟಿ ಕದೀಜಮ್ಮನ ಮನೆ ಜಗಲಿಯಲ್ಲಿ ಕೂತಳು. ಇಬ್ಬರೂ ಒಂದೇ ಪ್ರಾಯದವರು. ಕದೀಜಮ್ಮನ ಸೊಸೆ ಶಮೀನಾಳ ಮೊದಲ ಬಾಣಂತನಕ್ಕೆ ಲೋಲಾಕ್ಷಿಯೇ ನೀರು ಹಾಕಿದ್ದು.

"ಒಬ್ಬಳು ಬಚ್ಚಲಲ್ಲಿ ಹೇಳಿದ್ದನ್ನು ಇನ್ನೊಬ್ಬಳಿಗೆ ಹೇಳ್ಲೇಬೇಕು ಅಂತಾದ್ರೆ ಎಂತ ಮಾಡುದು ಕದೀಜಮ್ಮ?"

"ಎಂತ ಕೇಳುದು ಲೋಲಕ್ಕ? ನನ್ನ ಸೊಸೆ ಹೇಳಿದ್ದನ್ನು ನೀವು ಇವತ್ತಿನವರೆಗೆ ನನಗೆ ಹೇಳ್ಲಿಲ್ಲ."

"ಹೇಳುದೂ ಇಲ್ಲ."

"ನನ್ನನ್ನೇ ಬೈದದ್ದಿರಬೇಕು."

"ನಿಮ್ಮನ್ನು ಬೈಲಿಕ್ಕೆ ಒಂದು ಹಂಡೆ ನೀರು ಸಾಕಾಗ್ತಿತ್ತಾ?"

ಕದೀಜಮ್ಮ ತಲೆಯ ಮೇಲಿನ ತಟ್ಟಂ ಬಟ್ಟೆ ಸರಿಮಾಡಿಕೊಂಡು ನಗುತ್ತಲೇ ಇದ್ದಳು. ಆಮೇಲೆ ಸಣ್ಣ ಸ್ವರದಲ್ಲಿ ಅಂದಳು, "ಅವಳ ಎರಡನೇದಕ್ಕೆ ನಿಮ್ಮ ಕಾಲು ನೋವಿತ್ತಲ್ಲ. ಆಗ ನಾನೇ ಹಾಕಿದ್ದು. ಅವಳು ನನ್ನ ಮುಖಕ್ಕೇ ಹೇಳಿದಳು ಮಾರಾಯ್ತಿ, ಉಮ್ಮ ನೀವು ಒಂದು ದಿನವೂ ನನ್ನ ಹತ್ತಿರ ಕೂತದ್ದಿಲ್ಲ ಅಂತ. ಚೆಂಬು ಕೈಯಲ್ಲಿರುವಾಗ ಎದ್ದು ಹೋಗ್ಲಿಕ್ಕೂ ಆಗುದಿಲ್ಲ. ಕೇಳಿದೆ."

ಚೆಂಬು ಯಾರ ಕೈಗೆ ಹೋಗಬೇಕೆಂದು ಲೋಲಾಕ್ಷಿಗೆ ಹೊಳೆಯಿತು. ತಂದಿಟ್ಟ ಚಹಾ ಕುಡಿಯದೆಯೇ ಎದ್ದಳು.

ಮುಂದಿನ ಆದಿತ್ಯವಾರ ವಸುಮತಿಗೆ ರಜೆ. ಲೋಲಾಕ್ಷಿ ಹಂಡೆ ಕಾಯಿಸಿ, ನವ್ಯಾಳನ್ನು ಕೂರಿಸಿ, ಸೊಸೆಯನ್ನು ಕರೆದಳು.

"ನನಗೆ ಬಗ್ಗಲಿಕ್ಕೆ ಆಗುದಿಲ್ಲ. ಇವತ್ತು ನೀನು ಹಾಕು."

"ನನಗೆಲ್ಲಿ ಬರ್ತದೆ ಅತ್ತೆ? ಗೀಸರಿನಲ್ಲಿ ಮೀಯ್ಲಿ ಅವಳು."

"ಹಾಲಿಗೆ ನೀರು ಹಾಕಿದ್ದನ್ನು ಕಂಡುಹಿಡಿಯುವವಳಿಗೆ ಮಗಳಿಗೆ ನೀರು ಹಾಕ್ಲಿಕ್ಕೆ ಬರುದಿಲ್ವಾ?" ಚೆಂಬನ್ನು ಅವಳ ಕೈಯಲ್ಲಿಟ್ಟಳು. "ಒಂದು ಕಟ್ಟಳೆ ಉಂಟು. ಇಲ್ಲಿ ಕೂತವರು ಹೇಳುದು, ಹೊಯ್ಯುವವರು ಹ್ಞೂಂ ಅನ್ನುದು. ಹ್ಞೂಂ ಬಿಟ್ಟು ಬೇರೆ ಮಾತು ಬೇಡ." ಮೊಮ್ಮಗಳ ಕಡೆ ತಿರುಗಿ, "ನಾನು ಯಾರಿಗೂ ಎಂತದೂ ಹೇಳ್ಲಿಲ್ಲ. ನಿನಗೆ ಬೇಕಾದ್ರೆ ನೀನೇ ಹೇಳು," ಎಂದು ಬಾಗಿಲು ಅಡ್ಡ ಮಾಡಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತಳು.

ಒಳಗೆ ನೀರು ಬೀಳುವ ಸದ್ದು. ನವ್ಯಾಳ ಸ್ವರ ಸಣ್ಣಗೆ ಬಂತು, ಮಾತು ತಿಳಿಯಲಿಲ್ಲ. ವಸುಮತಿ "ಬಿಡ್..." ಎಂದು ಅರ್ಧಕ್ಕೆ ನಿಲ್ಲಿಸಿದ್ದು ಕೇಳಿತು. ನೀರಿನ ಸದ್ದೂ ನಿಂತಿತು. ಲೋಲಾಕ್ಷಿಗೆ ಎದ್ದು ಹೋಗಲೇ ಎಂದು ಕಂಡಿತು. ಚೆಂಬು ಹಂಡೆಗೆ ತಾಗಿತು, ಮತ್ತೆ ನೀರು ಬಿತ್ತು. ಈ ಸಲ ಮಾತಾಡುತ್ತಿದ್ದವಳು ವಸುಮತಿ. ಅವಳು ಬಹಳ ಹೊತ್ತು ಮಾತಾಡಿದಳು. ಹ್ಞೂಂ ಅನ್ನುತ್ತಿದ್ದವಳು ನವ್ಯಾ.

ಹೊರಗೆ ಬಂದಾಗ ವಸುಮತಿಯ ಸೀರೆಯೂ ಒದ್ದೆ, ಮುಖವೂ ಒದ್ದೆ. ಅತ್ತೆಯ ಎದುರು ನಿಂತು ಕೇಳಿದಳು, "ನಿಮಗೆ ಗೊತ್ತಿತ್ತಲ್ಲ?"

"ಯಾರದ್ದು?"

"ಇಬ್ಬರದ್ದೂ."

ವಸುಮತಿ ಸೆರಗು ಹಿಂಡುತ್ತಾ ಅಂದಳು, "ನಾಳೆ ನಾನೇ ಕರ್ಕೊಂಡು ಹೋಗ್ತೇನೆ ಡಾಕ್ಟ್ರ ಹತ್ತಿರ. ಇದನ್ನೂ ಹೇಳ್ಬೇಕು ಅವರಿಗೆ."

ಡಾಕ್ಟರಮ್ಮ ಗಾಬರಿಯಾಗಲಿಲ್ಲ, ಬೈಯಲೂ ಇಲ್ಲ. ಹೆತ್ತ ಮೇಲೆ ಮಾತ್ರವಲ್ಲ, ಹೆರುವ ಮೊದಲೂ ಮನಸ್ಸು ಹೀಗೆ ಕುಗ್ಗುವುದುಂಟು, ಎಷ್ಟೋ ಜನರಿಗೆ ಆಗುತ್ತದೆ, ಇದಕ್ಕೆ ಆರೈಕೆ ಉಂಟು ಎಂದರು. ಪ್ರೀತಿ ಹುಟ್ಟಲಿಲ್ಲವೆಂದು ಯಾವ ಮಗುವೂ ಸಾಯುವುದಿಲ್ಲ ಎಂದು ಅವರು ಹೇಳಿದಾಗ ನವ್ಯಾಳಿಗಿಂತ ಮೊದಲು ವಸುಮತಿ ಕಣ್ಣೊರೆಸಿಕೊಂಡಳಂತೆ. ಮನಸ್ಸಿನ ಡಾಕ್ಟರನ್ನು ಕಾಣಲು ಪುತ್ತೂರಿಗೆ ಕಳಿಸಿದರು. ಅಲ್ಲಿಗೆ ಕೀರ್ತನ್ ಕಂಬದ ಕೆಲಸಕ್ಕೆ ರಜೆ ಹಾಕಿ ಬಂದ. ಹೆರಿಗೆ ಕೋಣೆಯನ್ನು ಮೊದಲೇ ನವ್ಯಾಳಿಗೆ ತೋರಿಸಿದರು, ನೋವು ಬರುವಾಗ ಉಸಿರು ಬಿಡುವ ಕ್ರಮ ಹೇಳಿಕೊಟ್ಟರು. ಮನೆಗೆ ಬಂದು ಅವಳು ಅದನ್ನು ಮಾಡಿ ತೋರಿಸುವಾಗ ಲೋಲಾಕ್ಷಿಯೂ ಕೂತು ಉಸಿರು ಬಿಟ್ಟಳು.

"ನಿಮಗೆ ಎಂತಕ್ಕೆ ಅಜ್ಜಿ ಈಗ?"

"ಆಗ ಯಾರೂ ಹೇಳಿಕೊಡ್ಲಿಲ್ಲ ಮಗಳೇ. ಸುಮ್ಮನೆ ಹಲ್ಲು ಕಚ್ಚಿದ್ದು."

ಹೆಣ್ಣು ಮಗು ಹುಟ್ಟಿತು, ಸುಳ್ಯದ ಆಸ್ಪತ್ರೆಯಲ್ಲಿ, ಒಂದು ಹಗಲಿನಲ್ಲಿ. ಪ್ರೀತಿ ಒಮ್ಮೆಲೇ ಉಕ್ಕಿ ಬರಲಿಲ್ಲ. ನವ್ಯಾ ಹಾಲು ಕೊಡುತ್ತಿದ್ದಳು, ಮುಗಿದ ಕೂಡಲೇ ಮಗುವನ್ನು ತಾಯಿಯ ಕೈಗೆ ದಾಟಿಸಿ ಗೋಡೆಗೆ ತಿರುಗಿ ಮಲಗುತ್ತಿದ್ದಳು. "ಇವತ್ತೂ ಎಂತ ಆಗ್ಲಿಲ್ಲ ಅಮ್ಮ," ಎಂದರೆ ವಸುಮತಿ, "ಆಯ್ತು, ನಾಡಿದ್ದು ಡಾಕ್ಟ್ರಿಗೆ ಹಾಗೇ ಹೇಳು. ಈಗ ನಿದ್ದೆ ಮಾಡು, ಇವಳನ್ನು ನಾನು ನೋಡ್ತೇನೆ," ಅನ್ನುತ್ತಿದ್ದಳು. ಮದ್ದು, ನಿದ್ದೆ, ಪುತ್ತೂರಿಗೆ ಹೋಗಿ ಬರುವುದು ನಡೆದೇ ಇತ್ತು.

ಒಂದು ಬೆಳಿಗ್ಗೆ ಜಗಲಿಯ ಎಳೆ ಬಿಸಿಲಿನಲ್ಲಿ ಕೂತು ಹಾಲು ಕೊಟ್ಟಾದ ಮೇಲೆ ನವ್ಯಾ ಎಂದಿನಂತೆ ಮಗುವನ್ನು ಎತ್ತಿದಳು. "ಅಜ್ಜಿ, ಇವಳನ್ನು ಸ್ವಲ್ಪ ಹಿಡ್ಕೊಳ್ಳಿ."

ಲೋಲಾಕ್ಷಿ ಕೈ ಚಾಚಿದಳು. ಅಷ್ಟರಲ್ಲಿ ಮಗು ಸೀನಿತು. ಸೀನಿದ್ದಕ್ಕೆ ತಾನೇ ಬೆಚ್ಚಿ, ಹುಬ್ಬು ಗಂಟಿಕ್ಕಿ, ಯಾರ ಕೆಲಸ ಇದು ಎಂಬಂತೆ ತಾಯಿಯ ಮುಖ ನೋಡಿತು. ನವ್ಯಾಳ ಬಾಯಿಂದ ಕಿಲಕ್ಕನೆ ನಗು ಬಂತು.

"ಬೇಡ ಅಜ್ಜಿ," ಎಂದಳು, ಮಗುವನ್ನು ತಿರುಗಿ ಎದೆಗೆ ತಂದುಕೊಂಡು. "ಇನ್ನು ಸ್ವಲ್ಪ ಹೊತ್ತು ನನ್ನತ್ರವೇ ಇರ್ಲಿ."

ಲೋಲಾಕ್ಷಿ ಚಾಚಿದ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.