ಫೈರ್ ಇಂಜಿನ್ ಕರೆಸಿದವಳು

ಮದುವೆಯಾಗಿ ಬ್ಯಾಡರಹಳ್ಳಿಯಿಂದ ರಾಜಾಜಿನಗರದ ವಠಾರಕ್ಕೆ ಬಂದ ಹೊಸತರಲ್ಲಿ ನನಗೊಂದು ಸೀರಿಯಲ್ಲಿನ ಹುಚ್ಚು ಹಿಡಿಯಿತು. ಬೆಂಕಿ ಆರಿಸುವವರ ಕತೆ ಅದು, ವಾರಕ್ಕೊಮ್ಮೆ ಸಂಜೆ ಬರುತ್ತಿತ್ತು. ವಠಾರದಲ್ಲಿ ಟೀವಿ ಇದ್ದದ್ದು ಓನರ್ ಮನೆಯಲ್ಲಿ ಮಾತ್ರ. ಆ ದಿನ ಅಡುಗೆ ಬೇಗ ಮುಗಿಸಿ, ಹೂ ಮುಡಿದು, ಅವರ ಹಾಲಿನ ಬಾಗಿಲ ಪಕ್ಕ ಗೋಡೆಗೊರಗಿ ಕೂರುತ್ತಿದ್ದೆ. ಮಾತೆಲ್ಲ ಹಿಂದಿ, ನನಗೆ ಅರ್ಧವೂ ತಿಳಿಯದು. ಆದರೆ ಗಂಟೆ ಬಾರಿಸಿದೊಡನೆ ಬೂಟು ಮೆಟ್ಟಿ ಓಡುವುದು, ಹೊಗೆಯೊಳಗೆ ನುಗ್ಗಿ ಯಾರನ್ನೋ ಹೆಗಲ ಮೇಲೆ ಹೊತ್ತು ತರುವುದು, ಇದಕ್ಕೆಲ್ಲ ಹಿಂದಿ ಯಾಕೆ ಬೇಕು?

ನಮ್ಮತ್ತೆಗೆ ಇದು ಹಿಡಿಸುತ್ತಿರಲಿಲ್ಲ. "ಇನ್ನೊಬ್ಬರ ಮನೆ ಬಾಗ್ಲಲ್ಲಿ ಕೂತ್ಕೊಂಡು ಏನೇ ಅದು ನೋಡೋದು?" ಎನ್ನುತ್ತಿದ್ದರು. ನನ್ನ ಗಂಡ "ಹೋಗ್ಲಿ ಬಿಡಮ್ಮ" ಎಂದು ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯುತ್ತಿದ್ದಾಗ ಓನರ್ ಮನೆಯ ಬಚ್ಚಲ ಕಿಟಕಿಯಿಂದ ದಟ್ಟವಾಗಿ ಹೊಗೆ ಬರುವುದು ಕಂಡಿತು. ಹಂಡೆಯ ಒಲೆಗೆ ಹಸಿ ತೆಂಗಿನಗರಿ ತುರುಕಿದ್ದರೆಂದು ಗೊತ್ತಾದದ್ದು ಆಮೇಲೆ. ಆಗ ನನ್ನ ಕಣ್ಣ ಮುಂದೆ ಇದ್ದದ್ದು ಸೀರಿಯಲ್ಲು. "ಎಲ್ರೂ ಆಚೆ ಬನ್ನಿ, ಬೆಂಕಿ" ಎಂದು ಕೂಗುತ್ತಾ ಮೂಲೆಯ ಮೆಡಿಕಲ್ ಶಾಪಿಗೆ ಓಡಿ, ಅವರ ಫೋನಿನಲ್ಲಿ ಫೈರ್ ಸ್ಟೇಷನ್ನಿಗೆ ಹೇಳಿದೆ. ದನಿ ಸ್ವಲ್ಪವೂ ನಡುಗಲಿಲ್ಲ. ವಾಪಸು ಬಂದವಳೇ ಸೆರಗನ್ನು ಬಕೆಟಿನಲ್ಲಿ ಅದ್ದಿ ಮೂಗಿಗೆ ಒತ್ತಿಕೊಂಡು ಬಚ್ಚಲ ಬಾಗಿಲಿಗೆ ಭುಜ ಕೊಟ್ಟೆ. ಚಿಲಕ ಕಿತ್ತು ಬಂತು.

ಒಳಗೆ ಓನರ್ ಸ್ನಾನ ಮಾಡುತ್ತಿದ್ದರು. ಸೊಂಟಕ್ಕೊಂದು ಟವೆಲು, ತಲೆ ತುಂಬ ಸೀಗೆಪುಡಿ, ಕೈಯಲ್ಲಿ ತಂಬಿಗೆ. ವಠಾರದಲ್ಲಿ ಯಾರೂ ಎದುರು ನಿಂತು ಮಾತಾಡದ ಹಿರಿಯರು.

"ಏನಮ್ಮಾ ಇದು?" ಎಂದರು, ಬಹಳ ಮೆಲ್ಲಗೆ.

ನಾನು ತಿರುಗಿ ನೋಡಿದರೆ ವಠಾರದವರೆಲ್ಲ ಹಿಂದೆಯೇ ನಿಂತಿದ್ದಾರೆ. ಯಾರೋ ನಕ್ಕರು. ಅಷ್ಟರಲ್ಲಿ ಗಂಟೆ ಬಾರಿಸುತ್ತಾ ಕೆಂಪು ಲಾರಿ ನಮ್ಮ ಕ್ರಾಸಿಗೆ ಬಂದೇ ಬಿಟ್ಟಿತು. ಅಕ್ಕಪಕ್ಕದ ಬೀದಿಗಳೂ ಹಿಂದೆ ಬಂದವು. ನನ್ನ ಗಂಡ ಬನಿಯನ್ನಿನಲ್ಲೇ ಹೋಗಿ ಕೈ ಮುಗಿದು ಏನೋ ಹೇಳುತ್ತಿದ್ದುದನ್ನು, ನಮ್ಮ ಮನೆಯೊಳಗೆ ಸೇರಿಕೊಂಡು ಬಾಗಿಲ ಸಂದಿಯಿಂದ ನೋಡಿದೆ. ಅವರು ಯಾರಿಗೂ ಹಾಗೆ ಕೈ ಮುಗಿದದ್ದನ್ನು ನಾನು ಕಂಡಿರಲಿಲ್ಲ.

ಲಾರಿಯಲ್ಲಿ ಬಂದವರ ಸಾಹೇಬರು ಹೊಟ್ಟೆ ಬಂದ, ಕುಳ್ಳಗಿನ ಮನುಷ್ಯ. ಒಲೆಯನ್ನು ಇಣುಕಿ ನೋಡಿ, ಕುಡಿಯಲು ನೀರು ಕೇಳಿದರು. ಅತ್ತೆ ನನ್ನ ಕೈಯಲ್ಲೇ ಲೋಟ ಕೊಟ್ಟು ಕಳಿಸಿದರು.

"ಹೊಗೆ ನೋಡಿ ಫೋನ್ ಮಾಡಿದ್ರಿ, ತಪ್ಪೇನಿಲ್ಲ ಬಿಡಮ್ಮ," ಎಂದರು ಅವರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆ ಮಾತಿಗೆ ಕಣ್ಣಲ್ಲಿ ನೀರು ಬಂದು, ಲೋಟವನ್ನೂ ಇಸಿದುಕೊಳ್ಳದೆ ಒಳಗೆ ಬಂದುಬಿಟ್ಟೆ.

ಆಮೇಲೆ ನಲ್ಲಿಯ ಹತ್ತಿರ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಹುಡುಗರು ನನ್ನನ್ನು ಕಂಡರೆ "ಟಣ್ ಟಣ್" ಎನ್ನುತ್ತಿದ್ದರು. ಸೀರಿಯಲ್ಲಿನ ದಿನ ಬಂತು. ನಾನು ಅಕ್ಕಿ ಆರಿಸುತ್ತಾ ಕೂತೆ. ಓನರ್ ಹೆಂಡತಿ ಬಾಗಿಲಿಗೇ ಬಂದರು.

"ಯಾಕೆ, ಇವತ್ತು ಬರಲ್ವಾ?"

"ತಲೆನೋವು, ಅಮ್ಮ," ಎಂದೆ.

ಅತ್ತೆ ಮೊರವನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು. "ನಡಿ, ನಾನೂ ಬರ್ತೀನಿ. ಎಷ್ಟ್ ದಿನ ಮುಖ ಮುಚ್ಕೊಂಡ್ ಕೂತಿರ್ತೀಯ?"

ನಾವು ಹೊಸ್ತಿಲು ದಾಟಿದಾಗ ಓನರ್ ಈಸಿಚೇರಿನಲ್ಲಿದ್ದರು. ನನ್ನನ್ನು ಕಂಡೊಡನೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಎದ್ದು ಒಳಗೆ ಹೋದರು. ನಾಚಿಕೆ ನನ್ನೊಬ್ಬಳದೇ ಅಂದುಕೊಂಡಿದ್ದೆ. ವಠಾರದವರೆಲ್ಲರ ಮುಂದೆ ಆ ಹಿರಿಯರನ್ನು ಹಾಗೆ ನಿಲ್ಲಿಸಿದ್ದೆನಲ್ಲ, ಅದು ಆಗ ಹೊಳೆಯಿತು. ಮುಂದೆ ನಾವು ಆ ಮನೆ ಬಿಡುವವರೆಗೂ ಅವರು ನನ್ನ ಮುಖ ನೋಡಿ ಮಾತಾಡಲಿಲ್ಲ, ನಾನೂ ಅಷ್ಟೆ.

ಅಂದು ಪರದೆಯ ಮೇಲೆ ಏನಾಯಿತೋ ನಾನು ನೋಡಲಿಲ್ಲ. ಅತ್ತೆ ಮಾತ್ರ ಮುಂದಕ್ಕೆ ಬಾಗಿ ಕೂತಿದ್ದರು.

"ಬೆಂಕೀಲಿ ಸಿಕ್ಕೊಂಡಿದ್ನಲ್ಲ, ಆ ಹುಡ್ಗ ಬದುಕಿದ್ನೇನೇ?" ಎಂದು ನನ್ನ ಮೊಣಕೈ ತಿವಿದರು.

"ಗೊತ್ತಿಲ್ಲ ಅತ್ತೆ," ಎಂದೆ.