ಅಣ್ಣ ಕಾಣೆಯಾದ ಅರ್ಧ ಸಿನಿಮಾ

ಇಂಟರ್ವಲ್‌ನಲ್ಲಿ "ಬಾತ್‌ರೂಮಿಗೆ ಹೋಗಿ ಬರ್ತೇನೆ" ಎಂದು ಎದ್ದ ಅಣ್ಣ ಹಿಂತಿರುಗಲೇ ಇಲ್ಲ. ಲೈಟ್ ಆರಿತು, ಸಿನಿಮಾ ಮತ್ತೆ ಶುರುವಾಯಿತು, ಪಕ್ಕದ ಸೀಟು ಖಾಲಿ. ಅಣ್ಣನಿಗೆ ಆಂಜಿಯೋಪ್ಲಾಸ್ಟಿ ಆಗಿ ಇನ್ನೂ ಎರಡು ತಿಂಗಳಾಗಿಲ್ಲ.

ಕರೆದುಕೊಂಡು ಬಂದವಳು ನಾನೇ. ಮುಂಬೈಯ ಸಾಂತಾಕ್ರೂಜ್‌ನಲ್ಲಿ ನಲವತ್ತು ವರ್ಷ ಹೋಟೆಲ್ ನಡೆಸಿದ ಮನುಷ್ಯ ಈಗ ಸೋಫಾದಲ್ಲಿ ಕೂತು ಗೋಡೆ ನೋಡುತ್ತಿದ್ದ. ಡಾಕ್ಟರು ಬೇರೆ "ನೋ ಟೆನ್ಶನ್" ಎಂದಿದ್ದರು. ಅದಕ್ಕೇ ಹುಡುಕಿ ಹುಡುಕಿ ಈ ಸಿನಿಮಾ ಆರಿಸಿದ್ದೆ. ಹಿಮ ಬೀಳುವ ಕಾಡು, ಅದರಲ್ಲಿ ಒಬ್ಬನೇ ಒಬ್ಬ. ಕಟ್ಟಿಗೆ ಕಡಿಯುತ್ತಾನೆ, ಮೀನು ಹಿಡಿಯುತ್ತಾನೆ, ಸುಮ್ಮನೆ ಕೂರುತ್ತಾನೆ. ಅಷ್ಟೇ ಕಥೆ. (ಮಾತೇ ಇಲ್ಲದ ಕಡೆ ಟೆನ್ಶನ್ ಎಲ್ಲಿಂದ ಬರಬೇಕು, ಹೇಳಿ?)

ಹೊರಡುವಾಗ ಅತ್ತಿಗೆ ನನ್ನ ಕೈಗೆ ನೀರಿನ ಬಾಟಲಿ ಕೊಟ್ಟು, "ನಾಲಿಗೆ ಅಡಿಗೆ ಇಡುವ ಮಾತ್ರೆ ಅವರ ಕಿಸೆಯಲ್ಲಿ ಉಂಟು. ಒಂದು ನಿಮಿಷ ಒಬ್ಬರನ್ನೇ ಬಿಡ್ಬೇಡ, ಆಯ್ತಾ?" ಎಂದಿದ್ದರು. ನಾನು ಬಿಡಲೂ ಇಲ್ಲ. ಸುಸ್ತಾ? ಎಸಿ ಜಾಸ್ತಿಯಾ? ನೀರು ಬೇಕಾ? ಐದು ನಿಮಿಷಕ್ಕೊಮ್ಮೆ ಕೇಳುತ್ತಲೇ ಇದ್ದೆ. ಅಣ್ಣ ತಾನಾಗಿ ಬಾಯಿ ಬಿಟ್ಟದ್ದು ಒಮ್ಮೆ ಮಾತ್ರ. ತೆರೆಯ ಮೇಲಿನವನು ಬೆಂಕಿ ಹಚ್ಚಲು ಪಾಡುಪಡುತ್ತಿದ್ದಾಗ, "ಅದು ಹಸಿ ಸೌದೆ, ಹಿಡಿಯುದಿಲ್ಲ" ಅಂದ. ಹೋಟೆಲಿನವನ ಕಣ್ಣು ಒಲೆ ಬಿಟ್ಟು ಬೇರೆ ಏನು ನೋಡೀತು?

ಈಗ ಆ ಅಣ್ಣನೇ ಇಲ್ಲ. ಫೋನ್ ಮಾಡಿದೆ. ಸ್ವಿಚ್ ಆಫ್. ಹೊರಗೆ ಓಡಿದೆ. ಗಂಡಸರ ಟಾಯ್ಲೆಟ್ ಮುಂದೆ ನಾಚಿಕೆ ಬಿಟ್ಟು ನಿಂತು, ಹೊರಬಂದವರನ್ನೆಲ್ಲ "ಒಳಗೆ ಬಿಳಿ ಶರ್ಟಿನ ಅಂಕಲ್ ಇದ್ದಾರಾ" ಎಂದು ಹಿಂದಿಯಲ್ಲಿ ಕೇಳಿದೆ. ಇಲ್ಲ. ಪಾಪ್‌ಕಾರ್ನ್ ಕೌಂಟರಿನಲ್ಲಿ ಇಲ್ಲ, ಲಿಫ್ಟಿನ ಹತ್ತಿರ ಇಲ್ಲ. ಅಷ್ಟರಲ್ಲಿ ಅತ್ತಿಗೆಯ ಫೋನ್. ಎತ್ತಿ ಏನು ಹೇಳಲಿ? ಎತ್ತಲಿಲ್ಲ. ಗೊತ್ತಿರುವ ದೇವರಿಗೆಲ್ಲ ಹರಕೆ ಹೊತ್ತೆ.

ಕೊನೆಗೆ ಬಾಗಿಲಲ್ಲಿದ್ದ ಸೆಕ್ಯುರಿಟಿಯವನಿಗೆ ಹೇಳಿದೆ. ಅವನು ಆರಾಮಾಗಿ, "ಸಫೇದ್ ಶರ್ಟ್‌ವಾಲೇ ಕಾಕಾ? ವೋ ತೋ ಅಂದರ್ ಹೀ ಹೈ, ಏಕ್‌ದಮ್ ಆಗೇ" ಎಂದು ಟಾರ್ಚ್ ಹಿಡಿದು ಒಳಗೆ ಕರೆದೊಯ್ದ.

ಎಲ್ಲಕ್ಕಿಂತ ಮುಂದಿನ, ಯಾರೂ ಕೂರದ ಸಾಲು. ಮೂಲೆಯ ಸೀಟಿನಲ್ಲಿ ಚಪ್ಪಲಿ ಕಳಚಿ, ಚಕ್ಕಳಮಕ್ಕಳ ಹಾಕಿಕೊಂಡು ಅಣ್ಣ ಕೂತಿದ್ದ. ಅಬ್ಬ, ಹೋದ ಜೀವ ಬಂತು. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು.

"ಎಂತ ಅಣ್ಣ ಇದು? ಹೇಳಿ ಹೋಗ್ಲಿಕ್ಕೆ ಆಗುದಿಲ್ವಾ?"

"ಹೇಳಿದ್ರೆ ನೀನೂ ಬರ್ತಿದ್ದಿ" ಅಂದ.

ತೆರೆಯಿಂದ ಕಣ್ಣು ತೆಗೆಯದೆ ಮತ್ತೆ ಅಂದ: "ನಲ್ವತ್ತು ವರ್ಷ ಗಿರಾಕಿಗಳು ಕರೆದ್ರು. ಈಗ ನೀವೆಲ್ಲ. ಬಾತ್‌ರೂಮಿಗೆ ಚಿಲಕ ಹಾಕ್ಲಿಕ್ಕೂ ಬಿಡುದಿಲ್ಲ ಮಾರಾಯ್ತಿ. ಆ ಕಾಡಿನವನನ್ನು ನೋಡು, ಹೇಗಿದ್ದೀ ಅಂತ ಕೇಳುವವ ಒಬ್ಬನೂ ಇಲ್ಲ. ಸ್ವಲ್ಪ ಹೊತ್ತು ಅವನ ಹಾಗೆ ಕೂರುವ ಅಂತ ಕಂಡಿತು."

ಈ ಮುಂಬೈಯಲ್ಲಿ ಒಬ್ಬರೇ ಕೂರಲು ಜಾಗವಾದರೂ ಎಲ್ಲಿದೆ? ಲೋಕಲ್‌ನಲ್ಲಿ ಇಲ್ಲ, ಒಂದು ಬೆಡ್‌ರೂಮಿನ ಫ್ಲಾಟಿನಲ್ಲಂತೂ ಇಲ್ಲವೇ ಇಲ್ಲ. ಪಾಪ, ಕತ್ತಲೆಯಲ್ಲಿ ಒಂದು ಮೂಲೆ ಸಿಕ್ಕಿದ್ದಕ್ಕೆ ಓಡಿಹೋಗಿದ್ದ. ಅತ್ತಿಗೆಗೆ "ಆಲ್ ಫೈನ್" ಎಂದು ಮೆಸೇಜ್ ಹಾಕಿ, ಎದ್ದು ಹಿಂದಿನ ನನ್ನ ಸೀಟಿಗೆ ಹೋದೆ.

ಕೊನೆಗೆ ಹಿಮ ಕರಗಿತು, ಕಾಡಿನವನು ಬದುಕಿಕೊಂಡ. ಲೈಟ್ ಬಂದಾಗ ಅಣ್ಣ ನಗುತ್ತಾ ಎದ್ದುಬಂದ. ಎರಡು ತಿಂಗಳಲ್ಲಿ ಆ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.

ಮಾತ್ರೆಗಳಿಗೆಲ್ಲ ದಿನಕ್ಕೆ ಎಷ್ಟು ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ನಮ್ಮ ಕಾಳಜಿಗೂ ಒಂದು ಡೋಸ್ ಬರೆದುಕೊಡಬಾರದಿತ್ತೇ?