ಗುಜರಿಯಿಂದೆದ್ದ ಬೀದಿದೀಪ

ನಮ್ಮ ಮನೆಯೆದುರಿನ ಹೊಸ ಬೀದಿದೀಪ ನಡುಮಧ್ಯಾಹ್ನವೂ ಉರಿಯುತ್ತದೆ. ಸೂರ್ಯನಿಗೊಬ್ಬ ಸಹಾಯಕನನ್ನು ನೇಮಿಸಿದ ಪಂಚಾಯತಿಯ ಈ ಔದಾರ್ಯಕ್ಕೆ ನನ್ನ ತಕರಾರಿಲ್ಲ; ಆದರೆ ಅದೇ ದೀಪದ ನೆಪದಲ್ಲಿ ನನ್ನ ಹಳೆಯ ದೀಪಸ್ತಂಭವನ್ನು ಕೀಳಬೇಕೆಂದಾಗ ಮಾತ್ರ, ಕುಮಟೆಯ ಸುತ್ತಮುತ್ತ ಸಾಧುಪ್ರಾಣಿಯೆಂದೇ ಹೆಸರಾದ ನಾನು ತಿರುಗಿ ನಿಂತೆ.

ಹಳೆಯ ಬೀದಿದೀಪಗಳನ್ನು ಹುಡುಕಿ ತಂದು ರಿಪೇರಿ ಮಾಡುವುದು ನನ್ನ ವ್ಯಸನ. ನಿವೃತ್ತಿಯ ನಂತರ ಉಳಿದವರು ತೀರ್ಥಯಾತ್ರೆಗೆ ಹೋದರೆ, ನಾನು ಭಟ್ಕಳದ ಗುಜರಿ ಅಂಗಡಿಗಳಿಗೆ ಹೋದೆ. ಈ ಎರಕದ ಕಂಬ ಸಿಕ್ಕಿದ್ದು ಹೊನ್ನಾವರದ ಹೊಳೆಯಂಚಿನಲ್ಲಿ, ದೋಣಿ ಕಟ್ಟುವ ಗೂಟದ ಅವತಾರದಲ್ಲಿ. ದೀಪದ ಮೇಲಿನ ಎನಾಮಲ್ ಟೋಪಿ ಸಿಕ್ಕಿದ್ದು ಹಳದೀಪುರದ ತೋಟವೊಂದರಲ್ಲಿ, ಕೋಳಿಮರಿಗಳ ಮೇಲೆ ಕವುಚಿದ ಸ್ಥಿತಿಯಲ್ಲಿ. ಬಲ್ಬಿನ ತೂತಿನಿಂದ ಮರಿಗಳಿಗೆ ಗಾಳಿಯೂ ಆಡುತ್ತಿತ್ತಂತೆ. ಆದ್ದರಿಂದ ಆ ತೋಟದ ಮನೆಯೊಡತಿ ಬದಲಿಗೊಂದು ಹೊಸ ಬುಟ್ಟಿ ಬೇಡಿದರು, ಕೊಟ್ಟೆ.

ಉಪ್ಪುಗಾಳಿಗೆ ಕಬ್ಬಿಣ ಬಾಳುವುದಿಲ್ಲ. ದೋಣಿಗೆ ಮೀನೆಣ್ಣೆ ಬಳಿಯುವವರನ್ನು ಕಂಡು ನಾನೂ ಮನೆಯೆದುರು ನಿಲ್ಲಿಸಿದ ಕಂಬಕ್ಕೆ ಧಾರಾಳವಾಗಿ ಬಳಿದೆ. ತುಕ್ಕು ನಿಂತಿತು, ಊರಿನ ಬೆಕ್ಕುಗಳೆಲ್ಲ ಬಂದವು. ವಾರಗಟ್ಟಲೆ ನಮ್ಮ ಗೇಟಿನ ಬಳಿ ಮಾರ್ಜಾಲ ಮಹಾಸಭೆ. ಹೆಂಡತಿ ಸುಮತಿ ಮೂಗಿಗೆ ಸೆರಗು ಹಿಡಿದು, ಈ ಮನೆಯಲ್ಲಿ ಕಂಬ ಇರಬೇಕು ಇಲ್ಲವೇ ತಾನಿರಬೇಕು ಎಂದಳು. ಇಬ್ಬರೂ ಉಳಿದರು. ವಾಸನೆ ಆರಿದ ಮೇಲೆ, ಸಂಜೆ ಜಗಲಿಯ ಸ್ವಿಚ್ಚು ಒತ್ತಿ ಅದನ್ನು ಬೆಳಗಿಸುವ ಅಧಿಕಾರವನ್ನೂ ಅವಳೇ ವಹಿಸಿಕೊಂಡಳು.

ಇಂಥ ಕಂಬವನ್ನು ಕಿತ್ತು ಗುಜರಿಗೆ ಕಳಿಸಿ ಎನ್ನಲು ಪಂಚಾಯತಿ ಸದಸ್ಯ ಗಣಪತಿ ಮೊನ್ನೆ ಮುಸ್ಸಂಜೆಗೆ ಬಂದ. ಕಂಬ ರಸ್ತೆಯಂಚಿನಲ್ಲಿದೆ, ಹೊಸ ದೀಪ ಬಂದಾಗಿದೆ, ನೋಡಿದವರು ನಗುತ್ತಾರೆ ಎಂದೆಲ್ಲ ವಿವರಿಸಿದ. ನನಗೆ ಸಿಟ್ಟು ನೆತ್ತಿಗೇರಿತು. ನೀವೇ ಹೇಳಿ, ಮುಪ್ಪಾದದ್ದೆಲ್ಲ ಗುಜರಿಗೆ ಎನ್ನುವುದೇ ನ್ಯಾಯವಾದರೆ ಮೊದಲು ತಕ್ಕಡಿಗೆ ಹಾಕಬೇಕಾದದ್ದು ನನ್ನನ್ನಲ್ಲವೇ?

“ನಾ ತೆಗೂದಿಲ್ಲ,” ಎಂದೆ. “ಬೇಕಾದ್ರೆ ನೀನೇ ಕಿತ್ಕಂಡು ಹೋಗು.”

ಗಣಪತಿ ನಿಜಕ್ಕೂ ಕಂಬಕ್ಕೆ ಕೈಹಾಕಿದ. ಅಷ್ಟರಲ್ಲಿ ಸುಮತಿ ಸ್ವಿಚ್ಚು ಒತ್ತಿದಳು. ಹಳದಿ ಬೆಳಕು ಅವನ ಮೇಲೆ ಬಿತ್ತು. ನಮ್ಮ ಕಡೆ ಮುಸ್ಸಂಜೆಗೆ ಮನೆಯವರು ದೀಪ ಹಚ್ಚಿದರೆಂದರೆ, ಅದು ಎಣ್ಣೆಯದೋ ಕರೆಂಟಿನದೋ ಎಂದು ಯಾರೂ ವಿಚಾರಿಸುವುದಿಲ್ಲ, ಕೈ ತಾನಾಗಿ ಮುಗಿಯುತ್ತದೆ. ಗಣಪತಿ ಚಪ್ಪಲಿ ಕಳಚಿ, ಕಣ್ಣು ಮುಚ್ಚಿ, ಕಂಬಕ್ಕೆ ಕೈಮುಗಿದ. ತಾನಾಗಿಯೇ ಹೊತ್ತಿ ಹಗಲೂ ಆರದ ಆ ಹೊಸ ದೀಪಕ್ಕೆ ಅವನೂ ಎಂದೂ ಕೈಮುಗಿದವನಲ್ಲ.

“ಕೈ ಮುಗ್ದಾತಲ್ಲ ಗಣಪತಿ,” ಎಂದಳು ಸುಮತಿ ಜಗಲಿಯಿಂದ. “ಇನ್ನು ಕೀಳೂದು ಹ್ಯಾಂಗೆ?”

ಅವನು ಚಪ್ಪಲಿ ಮೆಟ್ಟಿಕೊಂಡು, ಇರಲಿ ಬಿಡಿ ಎಂದು ನಕ್ಕು ಹೋದ.

ಇಂದು ಮಧ್ಯಾಹ್ನವೂ ಹೊಸ ದೀಪ ಬಿಸಿಲಿನಲ್ಲಿ ಉರಿಯುತ್ತಿದೆ, ಯಾರೂ ತಲೆಯೆತ್ತಿ ನೋಡುತ್ತಿಲ್ಲ. ನನಗೀಗ ಅದರ ಮೇಲೆ ಕೋಪವಿಲ್ಲ, ಮರುಕವಿದೆ. ಅದಕ್ಕೂ ವಯಸ್ಸಾಗುತ್ತದೆ; ಅದನ್ನೂ ಒಂದು ದಿನ ಗುಜರಿಗೆ ಎಸೆಯುತ್ತಾರೆ. ಆಗ ಅದನ್ನು ಮನೆಗೆ ತಂದು, ಮೀನೆಣ್ಣೆ ಬಳಿದು, ಸ್ವಿಚ್ಚೊಂದನ್ನು ಕೂಡಿಸಿ ಗೇಟಿನ ಇನ್ನೊಂದು ಬದಿಗೆ ನಿಲ್ಲಿಸುತ್ತೇನೆ. ಬೇಡವೆನ್ನುವವರು ಮುಸ್ಸಂಜೆಗೇ ಬರಲಿ.